ಕೋವಿಗೆ ಎಣ್ಣೆ ಆರಿಸುವ ಕ್ರಮ: ಗೃಹಬಳಕೆಯ ಕೈಪಿಡಿ

ಬಳಕೆದಾರರ ಗಮನಕ್ಕೆ

ಈ ಕೈಪಿಡಿಯನ್ನು ಕೊಡಗಿನ ಮಳೆಗಾಲವನ್ನು ಮುಂದಿಟ್ಟುಕೊಂಡು ಸಿದ್ಧಪಡಿಸಲಾಗಿದೆ. ಗದ್ದೆ ಕೆಲಸ ಶುರುವಾದಾಗ ಒಳಗೆ ಸೇರಿದ ಕೋವಿ, ನಾಟಿ ಮುಗಿದು ಸೆಪ್ಟೆಂಬರ್ ಮೊದಲ ವಾರ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತ ಬಂದಾಗ ಹೊರಗೆ ಬರುತ್ತದೆ. ಗೋಡೆಗೆ ಪಾಚಿ, ಚಪ್ಪಲಿಗೆ ಬೂಷ್ಟು ಹಿಡಿಯುವ ಆ ತಿಂಗಳುಗಳಲ್ಲಿ ಉಕ್ಕಿಗೆ ಮಾತ್ರ ಏನೂ ಆಗದು ಎಂದು ನಂಬಿರುವವರಿಗೆ ಈ ಪುಸ್ತಿಕೆಯ ಅಗತ್ಯವಿಲ್ಲ. ಅವರು ನೇರವಾಗಿ ಹೊಸ ನಳಿಗೆಯ ಬೆಲೆ ವಿಚಾರಿಸಬಹುದು.

ಬೇಕಾಗುವ ಸಾಮಗ್ರಿ

ನಳಿಗೆ ಉಜ್ಜುವ ಗಜ ಒಂದು. ನಳಿಗೆಯ ಅಳತೆಗೆ ತಕ್ಕ ಹಿತ್ತಾಳೆ ಬ್ರಷ್ ಒಂದು. ಹಳೆಯ ಹತ್ತಿ ಪಂಚೆಯ ಚಿಂದಿ ಸಾಕಷ್ಟು (ಪಂಚೆಯ ಯಜಮಾನರ ಒಪ್ಪಿಗೆ ಪಡೆದಿರಬೇಕು). ಎಣ್ಣೆ ಕೆಲವು ಹನಿ. ಅಭಿಪ್ರಾಯಗಳನ್ನು ನೀವು ತರಬೇಕಾಗಿಲ್ಲ, ಅವು ತಾವಾಗಿಯೇ ಬರುತ್ತವೆ.

ಹಂತ 1: ಕೋವಿ ಖಾಲಿ ಇದೆಯೇ ನೋಡಿ

ಈ ಹಂತದಲ್ಲಿ ಹಾಸ್ಯಕ್ಕೆ ಜಾಗವಿಲ್ಲ. ಬೋಲ್ಟ್ ತೆಗೆದು, ತೋಟಾ ಕೂರುವ ಗೂಡನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ. "ಮೊನ್ನೆಯೇ ತೆಗೆದಿಟ್ಟಿದ್ದೆ" ಎಂಬ ಮಾತನ್ನು ಯಾರು ಹೇಳಿದರೂ ನಂಬಬೇಡಿ, ಹೇಳಿದವರು ನೀವೇ ಆಗಿದ್ದರೂ.

ಹಂತ 2: ಸಮಿತಿಯನ್ನು ಎದುರಿಸಿ

ಜಗಲಿಯ ಮೇಲೆ ಎಣ್ಣೆ ಬಾಟಲಿ ಕಾಣಿಸಿಕೊಂಡ ಸ್ವಲ್ಪ ಹೊತ್ತಿನಲ್ಲೇ ಒಂದು ಸಮಿತಿ ರಚನೆಯಾಗುತ್ತದೆ. ಅದರಲ್ಲಿ ಸಾಮಾನ್ಯವಾಗಿ ಮೂವರಿರುತ್ತಾರೆ.

ಮೊದಲನೆಯವರು ಮಾವ. "ಎಂತ ಮಾರಾಯ, ನಮ್ಮ ಅಪ್ಪ ಬರೀ ಕೊಬ್ಬರಿ ಎಣ್ಣೆಯಲ್ಲೇ ಕೋವಿ ನಡೆಸಲಿಲ್ವಾ?" ಎನ್ನುತ್ತಾರೆ. "ನಡೆಸಿದ್ರು ಮಾವ. ಆ ಕೋವಿ ಈಗ ಎಲ್ಲುಂಟು?" ಎಂದು ವಿನಯದಿಂದ ಕೇಳಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಗ್ಗೆ ಮಡಿಕೇರಿಯಲ್ಲಿ ಅದನ್ನು ಚಮಚದಲ್ಲಿ ಕೆರೆಯಬೇಕಾಗುತ್ತದೆ. ಅಡುಗೆಗೆ ಬಳಸುವ ಇತರ ಎಣ್ಣೆಗಳು ಗಾಳಿಗೆ ಒಡ್ಡಿಕೊಂಡು ಬರಬರುತ್ತಾ ಅಂಟಾಗುತ್ತವೆ. ಅಗಸೆ ಎಣ್ಣೆಯಂತೂ ಒಣಗಿ ಪೊರೆ ಕಟ್ಟುವ ಜಾತಿಯದು. ಮರದ ಹಿಡಿಗೆ ಅದು ಉತ್ತಮ, ಬೋಲ್ಟಿಗೆ ಬಿದ್ದರೆ ಬೋಲ್ಟ್ ಕೂಡ ಮರದಂತೆಯೇ ವರ್ತಿಸುತ್ತದೆ.

ಎರಡನೆಯವರು ನಿವೃತ್ತ ಸುಬೇದಾರರು. ಇವರು ಎಣ್ಣೆಯ ಹೆಸರು ಹೇಳುವುದಿಲ್ಲ, ಅದು ಬರುತ್ತಿದ್ದ ಡಬ್ಬಿಯ ಬಣ್ಣ ಹೇಳುತ್ತಾರೆ. ಇವರ ಮಾತನ್ನು ಗೌರವದಿಂದ ಕೇಳಿ, ಹಂತ 4ರಲ್ಲಿ ಇವರೇ ನಿಮ್ಮ ನೆರವಿಗೆ ಬರುತ್ತಾರೆ.

ಮೂರನೆಯವನು ಬೆಂಗಳೂರಿನಿಂದ ಹಬ್ಬಕ್ಕೆ ಬಂದ ಅಳಿಯ. ಅವನಿಗೆ ಎಲ್ಲ ವಿದೇಶಿ ಹೆಸರುಗಳೂ ಬಾಯಿಪಾಠ. ಅಮೆರಿಕದ ಹೊಪ್ಪೀಸ್ ನಂಬರ್ 9 ಎಂಬ ದ್ರಾವಣ 1903ರದ್ದು ಎನ್ನುತ್ತಾನೆ, ಜರ್ಮನಿಯ ಬ್ಯಾಲಿಸ್ಟಾಲ್ 1904ರದ್ದು ಎನ್ನುತ್ತಾನೆ. ಎರಡೂ ನಿಜ. ನಿಮ್ಮ ನಳಿಗೆಯಲ್ಲಿರುವ ತುಕ್ಕು ಯಾವ ವರ್ಷದ್ದು ಎಂದು ಮಾತ್ರ ಅವನಿಗೆ ಗೊತ್ತಿಲ್ಲ.

ಹಂತ 3: ಕೆಲಸವನ್ನು ವಿಂಗಡಿಸಿ

ಸಮಿತಿಯಲ್ಲಿ ಜಗಳ ಹತ್ತುವುದು ಎಲ್ಲರೂ ಬೇರೆ ಬೇರೆ ಕೆಲಸದ ಬಗ್ಗೆ ಮಾತನಾಡುತ್ತಿರುವುದರಿಂದ. ಕೋವಿಗೆ ಬೇಕಾದ ಉಪಚಾರ ಮೂರು. ಮಸಿ ಮತ್ತು ಲೋಹದ ಕೊಳೆಯನ್ನು ಕರಗಿಸುವುದು ಒಂದು. ಒಂದಕ್ಕೊಂದು ಉಜ್ಜುವ ಭಾಗಗಳನ್ನು ಜಾರಿಸುವುದು ಇನ್ನೊಂದು, ಇದು ಕೀಲೆಣ್ಣೆಯ ಕೆಲಸ. ತೇವ ತಾಗದಂತೆ ಉಕ್ಕಿನ ಮೇಲೆ ಪೊರೆ ಹಾಸುವುದು ಮೂರನೆಯದು. ಚೆನ್ನಾಗಿ ಕರಗಿಸುವ ದ್ರವ ತನ್ನ ಹಿಂದೆ ಪೊರೆ ಬಿಡಲಾರದು, ಚೆನ್ನಾಗಿ ಪೊರೆ ಹಾಸುವ ಗಟ್ಟಿ ಗ್ರೀಸು ಸಣ್ಣ ಸಂದುಗಳಲ್ಲಿ ಜಾರಲಾರದು. ಮೂರನ್ನೂ ಒಂದೇ ಬಾಟಲಿಯಲ್ಲಿ ಕೊಡುತ್ತೇವೆನ್ನುವ ಎಣ್ಣೆಗಳಿವೆ, ಸೈನ್ಯದವರು ಅವನ್ನು ಸಿಎಲ್‌ಪಿ ಎನ್ನುತ್ತಾರೆ. ಮೂರರಲ್ಲೂ ಅವು ತೇರ್ಗಡೆ, ಯಾವುದರಲ್ಲೂ ರ‍್ಯಾಂಕಿಲ್ಲ. ಅವಸರದಲ್ಲಿರುವ ಸೈನಿಕನಿಗೆ ತೇರ್ಗಡೆ ಸಾಕು.

ಅಳಿಯ ಈಗ ನೀಲಿ-ಹಳದಿ ಡಬ್ಬಿ ತೆಗೆಯುತ್ತಾನೆ. ಡಬ್ಲ್ಯೂಡಿ-40 ಹುಟ್ಟಿದ್ದು 1953ರಲ್ಲಿ, ಸ್ಯಾನ್ ಡಿಯಾಗೋದಲ್ಲಿ. ಅಟ್ಲಾಸ್ ಕ್ಷಿಪಣಿಯ ಹೊರಮೈಯಿಂದ ನೀರನ್ನು ಓಡಿಸಿ ತುಕ್ಕು ತಡೆಯುವುದು ಅದರ ಮೂಲ ಉದ್ಯೋಗ, 40 ಎಂಬುದು ಕೈಹತ್ತಿದ ಪಾಕದ ಸಂಖ್ಯೆ. ಮಳೆಯಲ್ಲಿ ನೆನೆದು ಬಂದ ಕೋವಿಗೆ ಮೊದಲ ಉಪಚಾರವಾಗಿ ಅದು ಸರಿ. ಅದರ ಮೇಲೆಯೇ ಭಾರ ಹಾಕಿ ಇಡೀ ಮಳೆಗಾಲ ಮಲಗಬೇಡಿ. ನಿಮ್ಮ ಮನೆಯಲ್ಲಿರುವುದು ಕ್ಷಿಪಣಿಯಲ್ಲ.

ಹಾಗಾದರೆ ಯಾವುದು? ಇಛಾಪುರದ ರೈಫಲ್ ಕಾರ್ಖಾನೆಯ .315 ಇರಲಿ, ಅಜ್ಜನ ಜೋಡುನಳಿಗೆ ಇರಲಿ, ಜಾರಿಸುವ ಕೆಲಸಕ್ಕೆ ತೆಳುವಾದ ಖನಿಜ ಎಣ್ಣೆ ಸಾಕು. ಹೊಲಿಗೆ ಯಂತ್ರಕ್ಕೆ ಹಾಕುವ ಎಣ್ಣೆ ಆ ವರ್ಗದ್ದೇ. ತಿಂಗಳುಗಟ್ಟಲೆ ಎತ್ತಿಡುವುದಾದರೆ ಅದಕ್ಕಿಂತ ದಪ್ಪ, ತುಕ್ಕು ತಡೆಯಲೆಂದೇ ಮಾಡಿದ ಎಣ್ಣೆ ಬೇಕು. ಉತ್ತರ ಇಷ್ಟು ಚಿಕ್ಕದಾಗಿರುವುದು ಸಮಿತಿಗೆ ಇಷ್ಟವಾಗುವುದಿಲ್ಲ.

ಹಂತ 4: ಎಣ್ಣೆಗೆ ಮುಂಚೆ ನೀರು

ಇಲ್ಲಿ ಸುಬೇದಾರರನ್ನು ಕರೆಯಿರಿ. ಹಳೆಯ ಸೈನ್ಯದ ತೋಟಾಗಳ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಸಿಡಿದ ಮೇಲೆ ನಳಿಗೆಯಲ್ಲಿ ಉಳಿಯುವುದು ಒಂದು ಬಗೆಯ ಉಪ್ಪು. ಉಪ್ಪು ಗಾಳಿಯ ತೇವ ಹೀರುತ್ತದೆ, ತೇವ ಉಕ್ಕನ್ನು ತಿನ್ನುತ್ತದೆ. ಎಣ್ಣೆಯಲ್ಲಿ ಉಪ್ಪು ಕರಗುವುದಿಲ್ಲ. ಅದರ ಮೇಲೆ ಎಷ್ಟೇ ದುಬಾರಿ ಎಣ್ಣೆ ಬಳಿದರೂ ನೀವು ಕಳ್ಳನನ್ನು ಒಳಗಿಟ್ಟು ಬಾಗಿಲಿಗೆ ಬೀಗ ಜಡಿದಂತೆ. ಅದಕ್ಕೇ .303 ಹಿಡಿದ ಸೈನಿಕರು ಆಲಿಕೆ ಇಟ್ಟು ನಳಿಗೆಗೆ ಕುದಿನೀರು ಹೊಯ್ದು, ಒಣ ಚಿಂದಿ ಎಳೆದು, ಆಮೇಲೆ ಎಣ್ಣೆ ಹಚ್ಚುತ್ತಿದ್ದರು. ಕರಿಮದ್ದು ತುಂಬುವ ಕೇಪಿನ ಕೋವಿಗೂ ಬಿಸಿನೀರೇ ಮದ್ದು. ಈಗಿನ ತೋಟಾಗಳಲ್ಲಿ ಈ ಕಾಟ ಸಾಮಾನ್ಯವಾಗಿ ಇಲ್ಲ. ಆದರೂ ಸುಬೇದಾರರು ಹೇಳುವಾಗ ಈ ಮಾತನ್ನು ಎತ್ತಬೇಡಿ.

ಹಂತ 5: ಹಚ್ಚಿ, ಆಮೇಲೆ ಒರೆಸಿ ತೆಗೆಯಿರಿ

ಹೆಚ್ಚಿನ ಕೋವಿಗಳು ಕೆಡುವುದು ಎಣ್ಣೆಯ ಬರದಿಂದಲ್ಲ, ಪ್ರೀತಿಯ ಅತಿಯಿಂದ. ಹೆಚ್ಚಾದ ಎಣ್ಣೆ ಧೂಳನ್ನು ಕರೆದು ಕೂರಿಸಿ ಅರೆಯುವ ಹಿಟ್ಟಾಗುತ್ತದೆ. ಫೈರಿಂಗ್ ಪಿನ್ನಿನ ಕೊಳವೆಯಲ್ಲಿ ಮಂದವಾಗಿ ಪಿನ್ನನ್ನು ತಡೆಯುತ್ತದೆ. ಗೂಡಿನಲ್ಲಿ ಉಳಿದರೆ ತೋಟಾದ ಕೇಪಿಗೆ ಇಳಿದು ಅದನ್ನು ಸಾಯಿಸುತ್ತದೆ. ಕೋವಿಯನ್ನು ನೆಟ್ಟಗೆ ನಿಲ್ಲಿಸಿಟ್ಟರೆ ನಿಧಾನವಾಗಿ ಕೆಳಗಿಳಿದು ಮರದ ಹಿಡಿಯನ್ನು ಮೆತ್ತಗಾಗಿಸುತ್ತದೆ. ಆದ್ದರಿಂದ ಎಣ್ಣೆ ಹಚ್ಚಿದ ಚಿಂದಿಯ ಹಿಂದೆಯೇ ಒಣ ಚಿಂದಿ ಹೋಗಬೇಕು. ಬೆರಳು ತಾಗಿಸಿದರೆ ನುಣುಪು ತಿಳಿಯಬೇಕು, ಬೆರಳು ನೆನೆಯಬಾರದು. ಗುಂಡು ಹೊಡೆಯುವ ದಿನ ನಳಿಗೆಯನ್ನು ಪೂರ್ತಿ ಒಣಗಿಸಿ.

ಕೈಲ್ ಮುಹೂರ್ತದ ಪೂಜೆಗೆ ನಳಿಗೆಯ ಬಾಯಿಗೆ ಸಿಕ್ಕಿಸಿದ ತೋಕ್ ಪೂ ಎಂಬ ಹೂವನ್ನು ತೆಂಗಿನಕಾಯಿ ಹೊಡೆಯುವ ಸ್ಪರ್ಧೆಗೆ ಮುಂಚೆ ತೆಗೆಯಿರಿ. ಅಡ್ಡ ಸಿಕ್ಕಿದ್ದು ಹೂವೋ ಚಿಂದಿಯೋ ಎಂದು ಗುಂಡು ವಿಚಾರಿಸುವುದಿಲ್ಲ.

ಎಚ್ಚರಿಕೆ (ಅ): ಬೇರೆಯವರ ಬಾಯಿಗೆ ಜಿಡ್ಡು ಆರಿಸಬೇಡಿ

ಕೋವಿಯ ಜಿಡ್ಡಿನ ವಿಷಯದಲ್ಲಿ ನಡೆದ ಅತಿ ದುಬಾರಿ ಎಡವಟ್ಟು ನಮ್ಮ ದೇಶದ್ದೇ. ಎನ್‌ಫೀಲ್ಡ್ ರೈಫಲ್ಲಿನ ನಳಿಗೆಯೊಳಗೆ ಸುರುಳಿ ಗೆರೆಗಳಿದ್ದವು. ಗುಂಡು ಬಿಗಿಯಾಗಿ ಇಳಿಯಲು ಕಾಗದದ ತೋಟಾಕ್ಕೆ ಜಿಡ್ಡು ಬೇಕಿತ್ತು. ತೋಟಾದ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿಯುವುದು ಕವಾಯತಿನ ಕ್ರಮ. ಜಿಡ್ಡಿನ ಪಾಕ ನಿಗದಿಯಾದದ್ದು ಸಮುದ್ರದಾಚೆ, ಕಚ್ಚಬೇಕಾದವರು ಬಂಗಾಳ ಸೇನೆಯ ಸಿಪಾಯಿಗಳು. ಅದು ದನ ಮತ್ತು ಹಂದಿಯ ಕೊಬ್ಬೆಂಬ ಸುದ್ದಿ 1857ರ ಜನವರಿಯಲ್ಲಿ ದಮ್‌ದಮ್‌ನಿಂದ ಹಬ್ಬಿತು. ತಿಂಗಳ ಕೊನೆಗೆ ಸರ್ಕಾರಕ್ಕೆ ಬುದ್ಧಿ ಬಂದು, ಸಿಪಾಯಿಗಳು ತಮಗೆ ಒಪ್ಪುವ ಜಿಡ್ಡನ್ನು ತಾವೇ ಹಚ್ಚಿಕೊಳ್ಳಬಹುದೆಂದು ಆದೇಶವಾಯಿತು. ಅಷ್ಟರಲ್ಲಿ ಅನುಮಾನ ಜಿಡ್ಡಿನಿಂದ ಕಾಗದಕ್ಕೆ ದಾಟಿಯಾಗಿತ್ತು. ಏಪ್ರಿಲ್ 24ರಂದು ಮೀರತ್‌ನಲ್ಲಿ 90 ಸವಾರರ ಮುಂದೆ ತೋಟಾ ಹಿಡಿದಾಗ 85 ಮಂದಿ ಮುಟ್ಟಲಿಲ್ಲ. ಅವು ಹಳೆಯ ಮಾದರಿಯ ತೋಟಾಗಳು, ಆದರೆ ಅದನ್ನು ನಂಬುವವರು ಉಳಿದಿರಲಿಲ್ಲ. ಮೇ 10ಕ್ಕೆ ಮೀರತ್ ಹೊತ್ತಿ ಉರಿಯಿತು.

ಸಿಪಾಯಿ ದಂಗೆಯ ಬಿಸಿಯಲ್ಲೇ ನಿರಾಯುಧೀಕರಣದ ಕಾಯಿದೆ ಬಂತು. ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಒಪ್ಪಿಸದೆ ತಿರುಗಿ ನಿಂತರು. ಅವರ ಊರು ಸುಟ್ಟುಹೋಯಿತು, ಕಥೆ ಲಾವಣಿಯಲ್ಲಿ ಉಳಿಯಿತು. ಅದೇ ಕಾಯಿದೆಯಿಂದ ಕೊಡವರಿಗೆ 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ವಿನಾಯಿತಿ ಕೊಟ್ಟ. ಆ ವಿನಾಯಿತಿಯ ಎಳೆಯೇ 1959ರ ಶಸ್ತ್ರಾಸ್ತ್ರ ಕಾಯಿದೆಯ ಕಾಲಕ್ಕೂ ಬಂದು, ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಅನ್ವಯವಾಗಿ, 2019ರಲ್ಲಿ ಮತ್ತೆ 2029ರವರೆಗೆ ಮುಂದುವರಿದಿದೆ. ಜಗಲಿಯ ಮೇಲೆ ನೀವು ಒರೆಸುತ್ತಿರುವ ಕೋವಿಗೆ ಲೈಸೆನ್ಸ್ ಇಲ್ಲದಿರುವುದಕ್ಕೂ ಒಂದು ಕಾಲದ ತಪ್ಪು ಜಿಡ್ಡಿಗೂ ಇಷ್ಟು ನಂಟಿದೆ. ವಿನಾಯಿತಿ ಇರುವುದು ಲೈಸೆನ್ಸಿಗೆ ಮಾತ್ರ, ತುಕ್ಕಿಗಲ್ಲ.

ಎಚ್ಚರಿಕೆ (ಆ): ತಾನೇ ಶುಚಿಯಾಗುವ ಕೋವಿ ಇಲ್ಲ

1857ರಿಂದ ನೂರಹತ್ತು ವರ್ಷ ಕಳೆದರೂ ಪಾಠ ಕಲಿತವರು ಕಡಿಮೆ. ವಿಯೆಟ್ನಾಮಿಗೆ ಅಮೆರಿಕ ಕಳಿಸಿದ ಎಂ-16 ರೈಫಲ್ಲಿಗೆ ಹೆಚ್ಚು ಆರೈಕೆ ಬೇಡವೆಂಬ ಮಾತು ಸೈನ್ಯದಲ್ಲಿ ಹರಡಿತ್ತು. ಶುಚಿ ಮಾಡುವ ಸಾಮಾನು ಸಾಕಷ್ಟು ಹೋಗಲಿಲ್ಲ. ಮೇಲಿನವರು ತೋಟಾದ ಮದ್ದಿನ ಬಗೆ ಬದಲಿಸಿದರು, ಮಸಿ ಹೆಚ್ಚಾಯಿತು. ತೋಟಾದ ಗೂಡಿಗೆ ಕ್ರೋಮಿಯಂ ಲೇಪವಿರಲಿಲ್ಲ, ಆ ತೇವದಲ್ಲಿ ತುಕ್ಕು ಹಿಡಿಯಿತು. ಖಾಲಿ ತೋಟಾ ಗೂಡಿನಲ್ಲೇ ಕಚ್ಚಿಕೊಂಡು, ಕೆಲವರು ಅದನ್ನು ಗಜದಿಂದ ತಳ್ಳುತ್ತಲೇ ಸತ್ತರು. 1967ರಲ್ಲಿ ರಿಚರ್ಡ್ ಐಕಾರ್ಡ್ ನೇತೃತ್ವದ ಸಂಸತ್ ಉಪಸಮಿತಿ ವಿಚಾರಣೆ ನಡೆಸಿತು. ಲೇಪ ಬಂತು, ಸಾಮಾನು ಬಂತು, ಜೊತೆಗೆ ವಿಲ್ ಐಸ್ನರ್ ಎಂಬ ಕಾಮಿಕ್ಸ್ ಕಲಾವಿದ ಚಿತ್ರಿಸಿದ ಕೈಪಿಡಿಯೂ ಬಂತು. ಎಣ್ಣೆ ಎಲ್ಲಿಗೆ, ಎಷ್ಟು ಎಂದು ಅದು ಹುಡುಗರಿಗೆ ನಗಿಸಿ ಹೇಳಿತು. ಕೈಪಿಡಿ ಬರೆಯುವ ನಮ್ಮಂಥವರಿಗೆ ಆತನೇ ಕುಲಗುರು.

ಎರಡೂ ಪ್ರಕರಣಗಳಲ್ಲಿ ಎಣ್ಣೆಯ ಲೆಕ್ಕ ಹಾಕಿದವರು ಒಂದು ಕಡೆ, ಕೋವಿಯ ಕುದುರೆ ಎಳೆಯುವವರು ಇನ್ನೊಂದು ಕಡೆ. ಪ್ರಯೋಗಾಲಯದ ಯಾವ ದೋಷವೂ ಈ ದೂರದಷ್ಟು ಹಾನಿ ಮಾಡಿಲ್ಲ.

ದೋಷ ಮತ್ತು ಪರಿಹಾರ

*ಬೋಲ್ಟ್ ಬಿಗಿಯಾಗಿದೆ:* ಎಣ್ಣೆ ಹಾಕಬೇಡಿ. ಹಳೆಯ ಎಣ್ಣೆ ತೆಗೆಯಿರಿ.

*ಮೊದಲ ಈಡು ಗುರಿ ತಪ್ಪುತ್ತದೆ, ಮುಂದಿನವು ಸರಿ:* ನಳಿಗೆಯಲ್ಲಿ ಎಣ್ಣೆ ಉಳಿದಿದೆ.

*ಯಾವ ಈಡೂ ಗುರಿ ಮುಟ್ಟುವುದಿಲ್ಲ:* ಎಣ್ಣೆಯ ದೋಷವಲ್ಲ. ತೆಂಗಿನಕಾಯಿಯದ್ದೂ ಅಲ್ಲ.

*ಚುನಾವಣೆಗೆ ಠಾಣೆಯಲ್ಲಿ ಠೇವಣಿ ಇಟ್ಟ ಕೋವಿ ಕೆಂಪಾಗಿ ಮರಳಿದೆ:* ಕೊಡುವ ದಿನವೇ ದಪ್ಪ ಎಣ್ಣೆಯ ಪೊರೆ ಹಾಕಿ ಕೊಡಿ. ಅಲ್ಲಿ ಅದನ್ನು ಯಾರಾದರೂ ಒರೆಸುತ್ತಾರೆಂದು ಕಾಯಬೇಡಿ. ಅದು ಅವರ ಕೋವಿಯಲ್ಲ.

ಖಾತರಿಯ ಷರತ್ತುಗಳು

ಸುಗ್ಗಿಹಬ್ಬ ಹುತ್ತರಿಯ ರಾತ್ರಿ ಕದಿರು ಕೊಯ್ಯುವಾಗ ಈಡು ಸಿಡಿಯದಿದ್ದರೆ ಈ ಕೈಪಿಡಿ ಹೊಣೆಯಲ್ಲ. ಮೇಲಿನ ಹಂತಗಳನ್ನು ಸ್ವಂತ ಕೈಯಿಂದ ಮಾಡಿದವರಿಗೆ ಮಾತ್ರ ಖಾತರಿ ಅನ್ವಯಿಸುತ್ತದೆ. ಆಳಿಗೆ ಹೇಳಿ ಮಾಡಿಸಿದವರು ಆಳಿನ ಆಯ್ಕೆಯ ಎಣ್ಣೆಯನ್ನೇ ಕೊಳ್ಳತಕ್ಕದ್ದು.

ಇಷ್ಟಾದ ಮೇಲೂ ಯಾವ ಎಣ್ಣೆ ಎಂಬ ವಾದ ಜಗಲಿಯಲ್ಲಿ ಮುಗಿಯದಿದ್ದರೆ, ಅತಿ ಜೋರಾಗಿ ಮಾತನಾಡುತ್ತಿರುವವರ ಕೈಗೆ ಗಜ ಮತ್ತು ಚಿಂದಿ ಕೊಡಿ. ನಳಿಗೆ ಹೊಳೆಯುವವರೆಗೆ ಉಜ್ಜಿದ ಮೇಲೂ ಅವರು ಅದೇ ಹೆಸರು ಹೇಳಿದರೆ, ಮರು ಮಾತಿಲ್ಲದೆ ಅದನ್ನೇ ತನ್ನಿ.