ಗಾಂಧಿ ಜಯಂತಿಯಂದು ಬಂದ ಹಿರಿಯರು

2024ರ ಅಕ್ಟೋಬರ್ 2 ಎಂಥ ದಿನವೆಂದರೆ, ಅಂದು ಮಹಾಲಯ ಅಮಾವಾಸ್ಯೆ, ಅಂದೇ ಗಾಂಧಿ ಜಯಂತಿ, ಸಾಲದ್ದಕ್ಕೆ ಅಂದು ರಾತ್ರಿಯೇ ಸೂರ್ಯಗ್ರಹಣ. ಗ್ರಹಣ ಕಾಣುವುದು ಚಿಲಿ, ಅರ್ಜೆಂಟೀನಾ ಕಡೆ, ಚನ್ನರಾಯಪಟ್ಟಣಕ್ಕೆ ಅದರ ಸೂತಕವಿಲ್ಲ ಎಂದು ಪಕ್ಕದ ಮನೆ ಮೇಷ್ಟ್ರು ಕಾಂಪೌಂಡಿನ ಆಚೆಯಿಂದ ತೀರ್ಪು ಕೊಟ್ಟರು. ಗ್ರಹಣ ಬಗೆಹರಿಯಿತು. ಗಾಂಧೀಜಿ ಬಗೆಹರಿಯಲಿಲ್ಲ. ಮಾಳಪಕ್ಷದ ಎಡೆಗೆ ನಮ್ಮ ಮನೆಯ ಹಿರಿಯರಿಗೆ ಮಟನ್ ಸಾರು ಆಗಲೇಬೇಕು. ಅಜ್ಜನಿಗೆ ಅದರ ಜೊತೆಗೊಂದು ಕ್ವಾರ್ಟರ್ ಬ್ರಾಂದಿ, ಒಂದು ಕಟ್ಟು ಗಣೇಶ ಬೀಡಿ. ಅಂದು ಮಟನ್ ಅಂಗಡಿ ಬಂದ್, ವೈನ್ ಸ್ಟೋರೂ ಬಂದ್. ಬೀಡಿಗೆ ಮಾತ್ರ ರಾಷ್ಟ್ರಪಿತರ ಅಡ್ಡಿಯಿರಲಿಲ್ಲ.

ಹಿಂದಿನ ಸಂಜೆಯೇ ಊರಿಗೆ ಊರೇ ಮಟನ್ ಅಂಗಡಿ ಮುಂದೆ ಸಾಲು ನಿಂತಿತ್ತು. ನಾನೂ ನಿಂತು ತಂದೆ. ಆಮೇಲೆ, ಜನ್ಮದಲ್ಲಿ ಹನಿ ಮುಟ್ಟದ ನಾನು, ಮುಖಕ್ಕೆ ಟವಲ್ ಸುತ್ತಿಕೊಂಡು ವೈನ್ ಸ್ಟೋರಿನ ಜಾಲರಿಯ ಮುಂದೆ ನಿಂತು “ನಮ್ಮ ಹಿರೀಕರಿಗೆ” ಎಂದೆ. “ಎಲ್ಲಾರೂ ಹಂಗೇ ಅನ್ನೋದು ಸಾ” ಎಂದು ಒಳಗಿದ್ದ ಹುಡುಗ ಬಾಟಲಿ ಸರಿಸಿದ. ಎಡೆ ಎತ್ತಿದ ಮೇಲೆ ಆ ಬಾಟಲಿ ಪ್ರತಿವರ್ಷ ಎಲ್ಲಿಗೆ ಹೋಗುತ್ತದೆ ಎಂಬುದನ್ನು ನನ್ನ ಭಾವಮೈದನನ್ನು ಕೇಳಬೇಕು.

ಗಾಂಧೀಜಿ ಹುಡುಗರಾಗಿದ್ದಾಗ ಗೆಳೆಯನ ಮಾತು ಕೇಳಿ ಕದ್ದು ಮೇಕೆ ಮಾಂಸ ತಿಂದು, ಆ ರಾತ್ರಿಯೆಲ್ಲ ಹೊಟ್ಟೆಯೊಳಗೆ ಮೇಕೆ ಅರಚಿದಂತಾಗಿ ನಿದ್ದೆಗೆಟ್ಟದ್ದನ್ನು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ನನ್ನ ಹೊಟ್ಟೆಯೊಳಗೆ ಅರಚಿದ್ದು ಮೇಕೆಯಲ್ಲ, ಷಡ್ಡಕ. ಹಿರಿಯರಿಗೆ ಮಾಂಸ ಇಡುವುದು ಶಾಸ್ತ್ರವಿರುದ್ಧ, ಅವರ ಆತ್ಮ ಅಲೆಯುತ್ತದೆ ಎಂದು ಯಾರೋ ಕಾವಿಯವರು ಯೂಟ್ಯೂಬಿನಲ್ಲಿ ಹೇಳಿದ್ದನ್ನು ಈತ ಬೆಳಗಿನಿಂದ ಎಲ್ಲರ ಕಿವಿಗೂ ಹಿಡಿಯುತ್ತಿದ್ದ. ಅಜ್ಜ ಬದುಕಿದ್ದಷ್ಟು ದಿನ ಬೋಟಿ ಗೊಜ್ಜಿಲ್ಲದ ಭಾನುವಾರವನ್ನು ಭಾನುವಾರವೆಂದು ಒಪ್ಪಿದವನಲ್ಲ. ಸತ್ತ ಮೇಲೆ ಅವನಿಗೆ ಏನು ರುಚಿಸುತ್ತದೆಂದು ಯೂಟ್ಯೂಬಿನವನಿಗೆ ಯಾರು ಹೇಳಿದರು? ಷಡ್ಡಕ ಸಂಜೆ ಊಟಕ್ಕೆ ಕೂತಾಗ ನಲ್ಲಿಮೂಳೆ ಕೇಳಿ ಹಾಕಿಸಿಕೊಂಡ ಎಂಬುದನ್ನು ದಾಖಲೆಗೆ ಬರೆದಿಡುತ್ತೇನೆ.

ಬೆಂಗಳೂರಿನಿಂದ ಬಂದಿದ್ದ ಮೊಮ್ಮಗಳಿಗೆ ಬೇರೆಯೇ ಲೆಕ್ಕ. ಅವಳ ಅಪಾರ್ಟ್‌ಮೆಂಟಿನಲ್ಲಿ ಪ್ರತಿವರ್ಷ ಅಕ್ಟೋಬರ್ 31ಕ್ಕೆ ಹ್ಯಾಲೋವೀನ್: ಮಕ್ಕಳು ದೆವ್ವದ ವೇಷ ಹಾಕಿ ಮನೆಮನೆ ಬೆಲ್ ಒತ್ತಿ ಚಾಕಲೇಟ್ ವಸೂಲಿ ಮಾಡುತ್ತಾರೆ. ಆ ವರ್ಷ ಅದೇ ದಿನ ನರಕ ಚತುರ್ದಶಿ ಬಿದ್ದು, ಅಂದು ವೇಷವಿಲ್ಲ, ಎಣ್ಣೆಸ್ನಾನ ಎಂದು ಅವಳಮ್ಮ ಖಡಾಖಂಡಿತ ಹೇಳಿದ್ದರಿಂದ, ಹುಡುಗಿ ಕರಿ ಗೌನು, ಪ್ಲಾಸ್ಟಿಕ್ ಕೋರೆಹಲ್ಲು ಇಲ್ಲಿಗೇ ತಂದಿದ್ದಳು. ನಾನೇ ಅವಳ ಕೈಹಿಡಿದು ಬೀದಿ ಸುತ್ತಿಸಿದೆ. ಕರಿಬಟ್ಟೆ ನೋಡಿ ಬೈದವರೂ ಚಕ್ಕುಲಿ, ಕಜ್ಜಾಯ ಕೊಟ್ಟರು. ಕೊಟ್ಟು, “ನಿಮ್ಮನೇಲಿ ಎಡೆ ಆಗೋಗಂಟ ಬಾಯಿಗಿಡಬ್ಯಾಡ ಕಣವ್ವ” ಎಂದರು. ಕೈತುಂಬ ತಿಂಡಿ, ತಿನ್ನುವಂತಿಲ್ಲ. ಇದಕ್ಕಿಂತ ಭಯಂಕರವಾದ ಹ್ಯಾಲೋವೀನ್ ಅಮೆರಿಕದಲ್ಲೂ ಇಲ್ಲ ಎಂದು ಅವಳ ಮುಖ ಹೇಳುತ್ತಿತ್ತು.

ಇನ್ನು ಎಡೆ. ನಡುಕೋಣೆಯಲ್ಲಿ ಕಳಶ, ಹೊಸ ಪಂಚೆ, ಹೊಸ ಸೀರೆ, ಸಾಲಾಗಿ ಬಾಳೆಲೆ. ಅಪ್ಪನ ಎಲೆಗೆ ನಾಲ್ಕು ತುಂಡು ಮೈಸೂರುಪಾಕು. ಸಕ್ಕರೆ ಕಾಯಿಲೆ ಬಂದ ಮೇಲೆ ಅವರ ಕೈಯಿಂದ ಅದನ್ನು ಕಸಿದುಕೊಂಡವರೇ ಈಗ ತುಪ್ಪದ್ದನ್ನೇ ಹುಡುಕಿ ತಂದಿದ್ದರು. ಧೂಪ ಹಾಕಿ, ಅಡ್ಡಬಿದ್ದು, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಬೇಕು. ಹಿರಿಯರು ಬಂದು ಉಂಡುಹೋಗುವ ತನಕ ತೆಗೆಯುವಂತಿಲ್ಲ, ಇಣುಕುವಂತಿಲ್ಲ. “ಕ್ಯಾಮೆರಾ ಇಟ್ರೆ ಗೊತ್ತಾಗುತ್ತಲ್ಲ ತಾತ?” ಎಂದು ಮೊಮ್ಮಗಳು ಪಿಸುಗುಟ್ಟಿದಳು. ಅಜ್ಜ ಬೀಡಿ ಮೊದಲು ಹಚ್ಚುತ್ತಾನೋ ಬಾಟಲಿ ಮೊದಲು ಮುಟ್ಟುತ್ತಾನೋ ಎಂಬ ಕುತೂಹಲ ನನಗೂ ಚಿಕ್ಕಂದಿನಿಂದ ಇತ್ತು. ಕರ್ಜಿಕಾಯಿ ತಟ್ಟೆಗೆ ಒರಗಿಸಿ ನನ್ನ ಫೋನನ್ನು ರೆಕಾರ್ಡಿಗೆ ಇಟ್ಟು, ಬಹಳ ಭಕ್ತಿಯಿಂದ ಹೊರಗೆ ಬಂದು ಬಾಗಿಲು ಹಾಕಿದವನು ನಾನೇ.

ಹಜಾರದಲ್ಲಿ ಹದಿನೈದು ಜನ ಉಸಿರು ಬಿಗಿಹಿಡಿದು ನಿಂತಿದ್ದೇವೆ. ಆಗ ಮುಚ್ಚಿದ ಕೋಣೆಯೊಳಗಿಂದ ಒಂದು ಹೆಣ್ಣುದನಿ, ಸ್ಪಷ್ಟವಾಗಿ, ಕೊಂಚ ಮೂಗಿನಲ್ಲಿ: “ಕಾಲ್ ಫ್ರಮ್ ಅಪ್ಪಾ.”

ಯಾರೂ ಅಲುಗಾಡಲಿಲ್ಲ. “ಕಾಲ್ ಫ್ರಮ್ ಅಪ್ಪಾ” ಎಂದಿತು ಮತ್ತೆ.

ಇಲ್ಲೊಂದು ತಾಂತ್ರಿಕ ವಿವರಣೆ ಇದೆ. ಕನ್ನಡಕವಿಲ್ಲದೆ ನನಗೆ ಫೋನಿನ ಹೆಸರು ಕಾಣುವುದಿಲ್ಲವೆಂದು, ಕರೆ ಬಂದಾಗ ಹೆಸರು ಕೂಗುವ ಆ್ಯಪನ್ನು ಮಗಳು ಹಾಕಿಕೊಟ್ಟಿದ್ದಳು. ತಿಪಟೂರಿನ ಕೊಬ್ಬರಿ ವ್ಯಾಪಾರದವರಿಗೆಲ್ಲ ಅಪ್ಪನ ನಂಬರೇ ಗೊತ್ತಿದ್ದರಿಂದ ಅವರು ಹೋದ ಮೇಲೆ ಆ ಸಿಮ್ಮನ್ನು ನನ್ನ ತಮ್ಮ ಇಟ್ಟುಕೊಂಡಿದ್ದ. ನನ್ನ ಫೋನಿನಲ್ಲಿ ಹೆಸರು ಬದಲಾಯಿಸಲು ನನಗೆ ಕೈ ಬಂದಿರಲಿಲ್ಲ. ಇಷ್ಟೇ. ಆದರೆ ಇದನ್ನು ವಿವರಿಸಬೇಕಾದರೆ ಫೋನ್ ಒಳಗೆ ಹೇಗೆ ಹೋಯಿತೆಂದೂ ವಿವರಿಸಬೇಕಲ್ಲ! ಸುಮ್ಮನಿದ್ದೆ.

ಚಿಕ್ಕಮ್ಮ ಸೆರಗು ಹೊದ್ದು ಕೈಮುಗಿದಳು. “ಬಂದವ್ರೆ ಕಣ್ರಪ್ಪ.” ಮೇಷ್ಟ್ರು ಕೋಸಂಬರಿ ಡಬ್ಬಿ ಕೊಡಲು ಬಂದವರು ಅದನ್ನು ಎದೆಗೆ ಅವುಚಿಕೊಂಡು ಗೋಡೆಗೆ ಆತುಕೊಂಡರು, ಗ್ರಹಣದ ಬಗ್ಗೆ ತಮ್ಮ ತೀರ್ಪನ್ನು ಮರುಪರಿಶೀಲಿಸುತ್ತಿರುವಂತಿತ್ತು. “ಬಂದಿದ್ರೆ ಫೋನ್ ಯಾಕೆ ಮಾಡ್ತಾರೆ?” ಎಂದ ಭಾವಮೈದ. ಅದೂ ಸರಿಯೇ ಎನಿಸಿ ಎಲ್ಲರೂ ಚಿಕ್ಕಮ್ಮನ ಮುಖ ನೋಡಿದರು. ಅವಳು ಒಂದು ಗಳಿಗೆ ಯೋಚಿಸಿ, “ಈ ಹೊಸಮನೆ ಕಟ್ಟಿದ್ದು ಭಾವ ಹೋದ್ಮೇಲೆ ಅಲ್ವೇನ್ಲಾ? ಅವ್ರಿಗೆ ಮನೆ ಗೊತ್ತಿಲ್ಲ. ದಾರಿ ಕೇಳಕ್ಕೆ ಮಾಡ್ತಾವ್ರೆ” ಎಂದಳು. ಅದರ ತರ್ಕಕ್ಕೆ ಷಡ್ಡಕನೂ ತಲೆದೂಗಿದ. ಒಳಗೆ “ಕಾಲ್ ಫ್ರಮ್ ಅಪ್ಪಾ” ನಿಲ್ಲಲೊಲ್ಲದು. “ಯಾರಾದ್ರೂ ಎತ್ತಿ ಮಾತಾಡ್ರೋ, ಪಾಪ, ಕತ್ತಲಲ್ಲಿ ಎಲ್ಲಿ ನಿಂತವ್ರೋ” ಎಂದು ಚಿಕ್ಕಮ್ಮ ಅಳುವುದಕ್ಕೇ ಶುರುಮಾಡಿದಳು. ಎತ್ತಬೇಕೆಂದರೆ ಬಾಗಿಲು ತೆಗೆಯಬೇಕು. ಬಾಗಿಲು ತೆಗೆದರೆ ಉಣ್ಣುತ್ತಿರುವ ಅಜ್ಜ ಎದ್ದುಹೋಗುತ್ತಾನೆ. ಒಬ್ಬರನ್ನು ಕರೆಯಲು ಇನ್ನೊಬ್ಬರನ್ನು ಎಬ್ಬಿಸಬಹುದೇ ಎಂಬುದರ ಬಗ್ಗೆ ಹಜಾರ ಇಬ್ಭಾಗವಾಯಿತು. ಕೋರೆಹಲ್ಲು ಬಾಯಲ್ಲಿಟ್ಟುಕೊಂಡೇ ಮೊಮ್ಮಗಳು ಪರಿಹಾರ ಸೂಚಿಸಿದಳು: “ತಾತ, ಲೊಕೇಶನ್ ಶೇರ್ ಮಾಡಿ!”

ಅಷ್ಟು ಹೊತ್ತಿಗೆ ತಮ್ಮನೇ ಬೆವರೊರೆಸುತ್ತ ಬಂದ. ಬಾಗೂರು ರಸ್ತೆಯಲ್ಲಿ ಬೈಕು ಪಂಚರ್ ಆಗಿ ನಿಂತಿದ್ದನಂತೆ. “ಎಷ್ಟು ಸಲ ಮಾಡೋದಣ್ಣ, ಫೋನ್ ಎತ್ತಕ್ಕೇನಾಗಿತ್ತು?” ಎಂದ. ಕೆಮ್ಮಿ, ಬಾಗಿಲು ಬಡಿದು ಒಳಗೆ ಹೋದೆವು. ರೆಕಾರ್ಡಿನಲ್ಲಿ ಸಿಕ್ಕಿದ್ದು ಬಾಳೆಲೆಯ ತುದಿ ಮತ್ತು ಒಂದು ನೊಣ.

ಊಟಕ್ಕೆ ಕೂತಾಗ ಮೊಮ್ಮಗಳು ತನಿಖೆ ಮುಂದುವರಿಸಿದಳು. ಅಜ್ಜನಿಗೆ ಬೀಡಿ, ಮುತ್ತಾತನಿಗೆ ಮೈಸೂರುಪಾಕು, ಸರಿ. ನಿಮ್ಮ ಅವ್ವನ ಎಲೆಗೆ ಸ್ಪೆಶಲ್ ಏನೂ ಯಾಕಿಲ್ಲ? ಅವರಿಗೆ ಏನಿಷ್ಟ?

ನಾನು ತಮ್ಮನ ಮುಖ ನೋಡಿದೆ. ತಮ್ಮ ಸಾರಿನ ಬಟ್ಟಲು ನೋಡಿದ. “ಅನ್ನದ ತಳ ಹಿಡಿದ ಸೀಕು ಅಂದ್ರೆ ಅವ್ವನಿಗೆ ಪ್ರಾಣ” ಎಂದೆ, ಏನಾದರೂ ಹೇಳಬೇಕಲ್ಲ ಎಂದು.

“ಇಷ್ಟ ಅಂತ ತಿಂತಿದ್ಲೇನ್ಲಾ ಅಕ್ಕ?” ಎಂದಳು ಚಿಕ್ಕಮ್ಮ. “ನೀವೆಲ್ಲ ಉಂಡೆದ್ಮೇಲೆ ಉಳೀತಿದ್ದದ್ದೇ ಅದು.”

ಯಾರೂ ಮಾತಾಡಲಿಲ್ಲ. ಆಮೇಲೆ ಚಿಕ್ಕಮ್ಮನೇ ಹೇಳಿದಳು. 1981ರಲ್ಲಿ ಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಓರಗಿತ್ತಿಯರಿಬ್ಬರೂ ಹೋಗಿದ್ದರಂತೆ. ಇಂದಿರಾ ಗಾಂಧಿ ಹೆಲಿಕಾಪ್ಟರಿನಿಂದ ಗೊಮ್ಮಟನ ಮೇಲೆ ಹೂ ಸುರಿಸಿದ್ದು ಆ ಸಲವೇ. ಜನವೆಲ್ಲ ತಲೆಯೆತ್ತಿ ಆಕಾಶ ನೋಡುತ್ತಿರುವಾಗ ಅವ್ವ ಸೆರಗಿನ ಗಂಟು ಬಿಚ್ಚಿ ಎರಡು ಐಸ್‌ಕ್ಯಾಂಡಿ ಕೊಂಡು, ಕೆಂಪುಬಣ್ಣದ್ದು, ಎರಡನ್ನೂ ತಾನೇ ಚೀಪಿ ಮುಗಿಸಿ, ಮನೆಯಲ್ಲಿ ಹೇಳಬೇಡವೆಂದು ಆಣೆ ಹಾಕಿಸಿಕೊಂಡಿದ್ದಳಂತೆ. ಚಿಕ್ಕಮ್ಮ ಅಷ್ಟು ವರ್ಷ ಆಣೆ ಮುರಿದಿರಲಿಲ್ಲ.

2025ರಲ್ಲಿ ಮಹಾಲಯ ಅಮಾವಾಸ್ಯೆ ಸೆಪ್ಟೆಂಬರ್ 21, ಭಾನುವಾರ, ಗಾಂಧೀಜಿ ತಕರಾರಿಲ್ಲ. ಅವ್ವನ ಎಲೆಗೆ ಕೆಂಪು ಐಸ್‌ಕ್ಯಾಂಡಿ ಇಟ್ಟು ಬಾಗಿಲು ಹಾಕಿದೆವು. ತೆಗೆದಾಗ ಅಜ್ಜನ ಬಾಟಲಿ ಹಾಗೇ ಇತ್ತು, ಅಪ್ಪನ ಮೈಸೂರುಪಾಕು ಹಾಗೇ ಇತ್ತು. ಅವ್ವನ ಎಲೆಯಲ್ಲಿ ಮಾತ್ರ ಕಡ್ಡಿ ಉಳಿದಿತ್ತು. ಮೊಮ್ಮಗಳು ಆ ಕಡ್ಡಿ ಹಿಡಿದು ಎಲ್ಲರಿಗೂ ತೋರಿಸಿಕೊಂಡು ಬಂದಳು. ಎಲೆ ಮೇಲಿನ ಕೆಂಪುನೀರಿನ ಬಗ್ಗೆ ಯಾರೂ ಚಕಾರವೆತ್ತಲಿಲ್ಲ, ಷಡ್ಡಕ ಕೂಡ.

2026ರ ಅಮಾವಾಸ್ಯೆ ಅಕ್ಟೋಬರ್ 10ಕ್ಕೆ. ಶನಿವಾರ. ನಮ್ಮದು ತಿಮ್ಮಪ್ಪನ ಒಕ್ಕಲು, ಶನಿವಾರ ಮನೆಯಲ್ಲಿ ಮೊಟ್ಟೆ ಕೂಡ ಒಡೆಯುವಂತಿಲ್ಲ. ಅಜ್ಜನ ಮಟನ್ನಿನ ಬಗ್ಗೆ ಈಗಿನಿಂದಲೇ ಎರಡು ಪಂಗಡವಾಗಿದೆ. ಐಸ್‌ಕ್ಯಾಂಡಿಗೆ ವಾರದೋಷವಿಲ್ಲ, ಅದು ತೀರ್ಮಾನವಾಗಿದೆ.