ಮೂತಿ ಜೋಪಾನ, ಸಾರ್!

ನಾನು ಮನೆಗೆ ಬಂದೆ ಅಂತ ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್‌ಗೆ ತಿಳಿಯಲು ಹಾರ್ನ್ ಬೇಕಿಲ್ಲ. ಬೇಸ್‌ಮೆಂಟಿನ ಇಳಿಜಾರು ಮುಗಿದು ನೆಲ ಸಮವಾಗುವ ಜಾಗದಲ್ಲಿ ‘ಕರ್ರ್’ ಅಂತ ಒಂದು ಸದ್ದು. ಥೇಟ್ ಈಳಿಗೆಮಣೆಯಲ್ಲಿ ಕಾಯಿ ತುರಿದ ಹಾಗೆ. ತುರಿಯುವುದು ಮಾತ್ರ ನನ್ನ ಕಾರಿನ ಬಂಪರು. “ಬಂದ್ರಾ ಸಾರ್?” ಅಂತ ಆತ ಕುರ್ಚಿಯಿಂದ ಏಳದೆಯೇ ವಿಚಾರಿಸುತ್ತಾನೆ.

ತಪ್ಪು ಕಾರಿನದಲ್ಲ. ಶೋರೂಮಿನ ನುಣುಪು ಟೈಲ್ಸಿನ ಮೇಲೆ, ಹೊಂಚು ಹಾಕಿದ ಚಿರತೆಯ ಹಾಗೆ ನೆಲಕ್ಕಂಟಿ ಕೂತಿದ್ದ ಅದನ್ನು ನೋಡಿ ಮರುಳಾದವನು ನಾನು. ಚಿರತೆಯ ಜಾಗ ಕಾಡು, ಜಯನಗರದ ಚರಂಡಿ ಚಪ್ಪಡಿಯಲ್ಲ ಅನ್ನುವುದು ಆಗ ಹೊಳೆಯಲಿಲ್ಲ. “ಗ್ರೌಂಡ್ ಕ್ಲಿಯರೆನ್ಸ್ 165 ಮಿಲಿಮೀಟರ್ ಸಾರ್” ಅಂದಿದ್ದ ಸೇಲ್ಸ್ ಹುಡುಗ. ಅದು ಖಾಲಿ ಕಾರಿನ ಲೆಕ್ಕ, ಅದೂ ಹೊಟ್ಟೆಯ ಲೆಕ್ಕ. ಮೂತಿಯ ಸಂಗತಿ ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮುಂದಿನ ಚಕ್ರಕ್ಕಿಂತ ಅಷ್ಟು ಮುಂದೆ ಚಾಚಿಕೊಂಡಿರುವ ಈ ಮೂತಿ, ಚಕ್ರ ಏರು ಹತ್ತುವ ಮೊದಲೇ ತಾನು ಹೋಗಿ ನೆಲ ಮುಟ್ಟಿ ನೋಡುತ್ತದೆ.

ಹಂಪುಗಳ ವಿಷಯಕ್ಕೆ ಹೋಗಬಾರದು ಅಂದುಕೊಂಡಿದ್ದೆ. ಆದರೂ ಒಂದು ಮಾತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪ್ರಕಾರ ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ನಮ್ಮ ಬೀದಿಯವರು ಎತ್ತರವನ್ನು ಧಾರಾಳವಾಗಿ ಕೊಟ್ಟು ಅಗಲದಲ್ಲಿ ಉಳಿತಾಯ ಮಾಡಿದ್ದಾರೆ. ಹೀಗಾಗಿ ಹಿಂದೆ ಮೂವರು ಕೂತಿದ್ದರೆ ಹಂಪಿಗೆ ಮುಂಚೆ ಒಬ್ಬರನ್ನು ಇಳಿಸಲೇಬೇಕು. ಯಾರನ್ನು ಅನ್ನುವುದೇ ಪ್ರಶ್ನೆ. “ಚಿಕ್ಕಮ್ಮ, ಒಂದು ನಿಮಿಷ ಇಳೀತೀರಾ?” ಅಂತ ಒಮ್ಮೆ ಕೇಳಿದೆ. “ದಪ್ಪ ಅಂತ ಬಾಯಿಬಿಟ್ಟೇ ಹೇಳೋ” ಅಂತ ಇಳಿದವರು ಆಟೋ ಹತ್ತಿ ಹೋದರು. ಆ ವರ್ಷ ಗೌರಿ ಬಾಗಿನಕ್ಕೂ ಬರಲಿಲ್ಲ.

ನಿಜವಾದ ಪರೀಕ್ಷೆ ಇರುವುದು ಪಾರ್ಕಿಂಗಿನಲ್ಲಿ. ಗೋಡೆಯ ಮುಂದೆ ಒಂದು ಗೇಣಿಗಿಂತ ಗಿಡ್ಡದ ಕಾಂಕ್ರೀಟ್ ದಿಂಡು ಇರುತ್ತದಲ್ಲ, ಚಕ್ರ ತಡೆಯುವುದಕ್ಕೆ? ಅದು ಹಳೇ ಕಾಲದ ನೆಂಟರ ಹಾಗೆ. ಬರುವಾಗ ಸುಮ್ಮನಿರುತ್ತದೆ, ಬಂಪರಿನ ಕೆಳತುಟಿ ಹಿಂದಕ್ಕೆ ಬಾಗಿ ಮೆತ್ತಗೆ ಮೇಲೇರಿಬಿಡುತ್ತದೆ. ರಿವರ್ಸ್ ಹಾಕಿ ಹೊರಟಾಗ “ಊಟ ಮಾಡದೆ ಹೇಗೆ ಹೋಗ್ತೀರಿ?” ಅಂತ ಸೆರಗು ಹಿಡಿದುಕೊಳ್ಳುತ್ತದೆ. ಬಸವನಗುಡಿಯ ಒಂದು ಕಲ್ಯಾಣಮಂಟಪದಲ್ಲಿ ಹೀಗೇ ನಾನು ಹೊರಟೆ, ಬಂಪರು ಊಟಕ್ಕೆ ಉಳಿಯಿತು.

ಅಂದಿನಿಂದ ನಾನು ಹಿಮ್ಮುಖವಾಗಿಯೇ ನಿಲ್ಲಿಸುವವನು. ನನ್ನ ಕಾರಿನ ಹಿಂಭಾಗ ಮೂತಿಗಿಂತ ಎತ್ತರ, ಮರ್ಯಾದೆಯೂ ಅದಕ್ಕೇ ಹೆಚ್ಚು. ರ‍್ಯಾಂಪನ್ನು ನೇರ ಹತ್ತದೆ ಓರೆಯಾಗಿ, ಒಂದೊಂದೇ ಚಕ್ರ ಏರಿಸುತ್ತೇನೆ. ಏರಿಗೆ ಸರಿಯಾಗಿ ಬ್ರೇಕ್ ತುಳಿದರೆ ಮೂತಿ ಇನ್ನಷ್ಟು ಕುಕ್ಕುತ್ತದೆ, ಅದಕ್ಕೇ ಮೊದಲೇ ನಿಧಾನ ಮಾಡಿ ಕಾಲು ತೆಗೆದುಬಿಡುವುದು. ಇಷ್ಟು ವಿದ್ಯೆಗೆ ಮೂರು ಬಂಪರು ಗುರುದಕ್ಷಿಣೆ ಆಗಿದೆ. ಆದರೂ “ಬರ್ಲಿ, ಬರ್ಲಿ, ಬರ್ಲಿ” ಅನ್ನುವ ಪುಣ್ಯಾತ್ಮರನ್ನು ನಂಬಬಾರದು. ಅವರು ‘ಸಾಕು’ ಅನ್ನುವುದು ಸದ್ದು ಕೇಳಿದ ಮೇಲೇ.

ಎತ್ತರದ ಕಾರು ತಗೋಬಾರದೇ ಅನ್ನುತ್ತೀರಿ. ಎತ್ತರದ ಮೇಲೆ ಸರ್ಕಾರಕ್ಕೂ ಕಣ್ಣಿದೆ ಸ್ವಾಮಿ. 2023ರ ಜುಲೈನಲ್ಲಿ ಜಿಎಸ್‌ಟಿ ಮಂಡಳಿ ಕೂತು ಕಾರುಗಳ ಹೊಟ್ಟೆಯನ್ನೇ ಅಳೆಯಿತು. ಯುಟಿಲಿಟಿ ವಾಹನ ನಾಲ್ಕು ಮೀಟರ್ ಮೀರಿದ ಉದ್ದ, 1500 ಸಿಸಿ ಮೀರಿದ ಎಂಜಿನ್, ಖಾಲಿ ಇರುವಾಗ 170 ಮಿ.ಮೀ. ಅಥವಾ ಹೆಚ್ಚಿನ ಕ್ಲಿಯರೆನ್ಸ್ ಹೊಂದಿದ್ದರೆ ಶೇ 22 ಸೆಸ್ ಅಂತ ತೀರ್ಮಾನಿಸಿತು. ಎತ್ತರದವರು ಒಂದು ಸಲ ತೆರಿಗೆ ಕಟ್ಟಿದರು. ತಗ್ಗಿನವನು ನಾನು ಗ್ಯಾರೇಜಿಗೆ ಕಂತು ಕಟ್ಟುತ್ತಲೇ ಇದ್ದೇನೆ.

ಕಳೆದ ಆಯುಧಪೂಜೆಗೆ ಮೂತಿಗೆ ಬಾಳೆಕಂದು ಕಟ್ಟಿದೆವು. ಬೀದಿಯುದ್ದಕ್ಕೂ ಕಸ ಗುಡಿಸಿಕೊಂಡು ಹೋಯಿತು, ಪೌರಕಾರ್ಮಿಕರು ನಿಂತು ನಕ್ಕರು. ಚಕ್ರದಡಿ ಇಟ್ಟ ನಾಲ್ಕು ನಿಂಬೆಹಣ್ಣಿನಲ್ಲಿ ಮೂರು ಪಚಕ್ ಅಂದವು. ನಾಲ್ಕನೆಯದು ಎಲ್ಲಿ ಉರುಳಿತೋ ಸಿಗಲೇ ಇಲ್ಲ. “ಅಪಶಕುನ ಕಣ್ರೀ, ಮಾರಿಬಿಡೋಣ” ಅಂದಳು ನನ್ನವಳು.

ಸರಿ ಅಂತ ಅತ್ತೆಯವರನ್ನೂ ಕರೆದುಕೊಂಡು ಶೋರೂಮಿಗೆ ಹೋದೆವು. ಎತ್ತರದ ಕಾರಿಗೆ ಅತ್ತೆ ಮಂಡಿ ನೋವಲ್ಲಿ ಹತ್ತಲಾರದೆ, “ಇದಕ್ಕೆ ಏಣಿ ಬೇರೆ ಕೊಳ್ಳಬೇಕೇನಪ್ಪಾ?” ಅಂದರು. ಅಷ್ಟರಲ್ಲಿ ನನ್ನ ಹಳೇ ಕಾರಿಗೆ ಬೆಲೆ ಕಟ್ಟಲು ಹೋಗಿದ್ದ ಹುಡುಗ ಟಾರ್ಚ್ ಹಿಡಿದು ನೆಲದ ಮೇಲೆ ಅಂಗಾತ ಮಲಗಿದ್ದ. ತುಂಬ ಹೊತ್ತು ಬಂಪರಿನ ಕೆಳಗೆ ಕೈಯಾಡಿಸಿ, ಒಣಗಿ ಕಪ್ಪಾಗಿದ್ದ ಉಂಡೆಯೊಂದನ್ನು ಹೊರಗೆ ತೆಗೆದು ಕೇಳಿದ:

“ಸಾರ್, ಈ ನಿಂಬೆಹಣ್ಣು ಗಾಡಿ ಜೊತೆ ಬರುತ್ತಾ?”