ನಾನು ಯಾರು? ಆರ್‌ಡಿ ನಂಬರ್ ಸಮೇತ ತಿಳಿಸಿ

ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಕೇಳುವಷ್ಟು ಆಳವಾದ ಪ್ರಶ್ನೆಯನ್ನು ಈಗ ಯಾವ ಮಠದಲ್ಲೂ ಕೇಳುವುದಿಲ್ಲ. ಸಿಇಟಿ ಸೀಟು ಹಂಚಿಕೆಯಾದ ಮೇಲೆ ಹದಿನೆಂಟರ ಹುಡುಗನಿಗೆ ಅದು ಒಡ್ಡುವ ಪ್ರಶ್ನೆ ಒಂದೇ: ಸಿಕ್ಕಿದ್ದರಲ್ಲಿ ನಿನಗೆ ತೃಪ್ತಿಯಿದೆಯೋ ಇಲ್ಲವೋ? ಉತ್ತರಕ್ಕೆ ನಾಲ್ಕು ದಾರಿ. ಚಾಯ್ಸ್ ಒಂದು: ತೃಪ್ತಿಯಿದೆ, ಸೇರುತ್ತೇನೆ. ಚಾಯ್ಸ್ ಎರಡು: ತೃಪ್ತಿಯಿದೆ, ಆದರೆ ಇದಕ್ಕಿಂತ ಒಳ್ಳೆಯದು ಸಿಕ್ಕರೆ ಇದನ್ನು ಬಿಡುತ್ತೇನೆ. ಚಾಯ್ಸ್ ಮೂರು: ತೃಪ್ತಿಯಿಲ್ಲ, ಮುಂದಿನ ಸುತ್ತಿಗೆ ಬರುತ್ತೇನೆ. ಚಾಯ್ಸ್ ನಾಲ್ಕು: ಈ ಸಂಸಾರವೇ ಬೇಡ. ಋಷಿಗಳು ಕಾಡು ಸೇರಿ ಗಡ್ಡ ಬಿಟ್ಟು ಬಿಡಿಸುತ್ತಿದ್ದ ಸಮಸ್ಯೆ ಇದು. ನಮ್ಮ ಹುಡುಗರಿಗೆ ಸಿಗುವುದು ಕೆಲವೇ ದಿನ, ಅದೂ ಸರ್ವರ್ ಎದ್ದಿದ್ದರೆ.

ಅರಸೀಕೆರೆ, ಬೇಲೂರು, ಹಳೇಬೀಡು ಸೀಮೆಯಲ್ಲಿ ಇಂಥ ಪ್ರಶ್ನೆಗೆ ಹುಡುಗನೇ ಉತ್ತರಿಸುವ ಪದ್ಧತಿ ಇಲ್ಲ. ಅದಕ್ಕೊಂದು ಸಮಿತಿ ಇದೆ. ಅಪ್ಪ, ಸೋದರಮಾವ, ಬೆಂಗಳೂರಿನಿಂದ ಸ್ಪೀಕರ್ ಫೋನಿನಲ್ಲಿ ಹಾಜರಾಗುವ ಚಿಕ್ಕಪ್ಪನ ಮಗ. ಅಧ್ಯಕ್ಷತೆ ಸೈಬರ್ ಸೆಂಟರಿನವನದು. ಅವನ ಹತ್ತಿರ ಆಪ್ಷನ್ ಎಂಟ್ರಿಯ ಪಟ್ಟಿ ಮೊದಲೇ ಸಿದ್ಧ. 'ಅಣ್ಣಾ, ಬೆಳಗಿಂದ ಎಲ್ಲರಿಗೂ ಇದೇ ಹಾಕಿರೋದು' ಎನ್ನುತ್ತಾನೆ. ಸಮಿತಿಗೆ ಅದಕ್ಕಿಂತ ದೊಡ್ಡ ಪ್ರಮಾಣ ಬೇಕಿಲ್ಲ. ಹುಡುಗ ಬಾಗಿಲ ಪಕ್ಕದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಝೆರಾಕ್ಸ್ ಕಂತೆ ಹಿಡಿದು ಕೂತಿರುತ್ತಾನೆ. 'ಅವನನ್ನೂ ಒಂದು ಮಾತು ಕೇಳಬಾರದಾ?' ಎಂದು ಯಾರಾದರೂ ಅಂದರೆ ಅಪ್ಪ ನಗುತ್ತಾರೆ: 'ಅವನಿಗೇನ್ ಗೊತ್ತಾಯ್ತದೆ, ಮಗು ಅದು.' ಮುಂದಿನ ಎಲೆಕ್ಷನ್ನಿಗೆ ಆ ಮಗುವಿಗೆ ಓಟಿದೆ, ಸರ್ಕಾರವನ್ನು ಅದೇ ಆರಿಸಬೇಕು.

ಅರಸೀಕೆರೆ ಜಂಕ್ಷನ್. ಒಂದು ಹಳಿ ಬೆಂಗಳೂರಿಗೆ, ಒಂದು ಹುಬ್ಬಳ್ಳಿ ಕಡೆಗೆ, ಒಂದು ಹಾಸನ ದಾಟಿ ಘಟ್ಟ ಇಳಿದು ಮಂಗಳೂರಿಗೆ. ಟಿಕೆಟ್ ಕೌಂಟರಿನಲ್ಲಿ ನಿಂತು 'ಪಕ್ಕದ ಮನೆಯವರ ಮಗ ಎಲ್ಲಿಗೆ ಹೋದನೋ ಅಲ್ಲಿಗೇ ನನಗೂ ಒಂದು ಕೊಡಿ' ಎಂದವರನ್ನು ರೈಲ್ವೆಯವರು ಇದುವರೆಗೆ ಕಂಡಿಲ್ಲ. ಇಪ್ಪತ್ತು ರೂಪಾಯಿ ಟಿಕೆಟ್ಟಿಗೆ ಇರುವ ಈ ವಿವೇಕ ಇಪ್ಪತ್ತು ಲಕ್ಷದ ಸೀಟಿನ ಹೊತ್ತಿಗೆ ಎಲ್ಲಿ ಇಳಿದುಹೋಗುತ್ತದೋ.

ಹಾಗೆಂದು ಹುಡುಗ ಯಾರೆಂದು ತಿಳಿಯುವ ಆಸಕ್ತಿಯೇ ನಮ್ಮ ವ್ಯವಸ್ಥೆಗೆ ಇಲ್ಲ ಎನ್ನುವಂತಿಲ್ಲ. ಅವನ ಜಾತಿ ಯಾವುದು, ಅಪ್ಪನ ಆದಾಯವೆಷ್ಟು ಎಂಬುದನ್ನು ನಾಡಕಚೇರಿ ಆರ್‌ಡಿ ನಂಬರ್ ಹಾಕಿ ಖಚಿತಪಡಿಸುತ್ತದೆ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲೇ ಓದಿದನೇ, ಅದಕ್ಕೆ ಶೇ. 15. ಕನ್ನಡ ಮಾಧ್ಯಮವೇ, ಅದಕ್ಕೆ ಶೇ. 5. ಇವು ನ್ಯಾಯವಾಗಿಯೇ ಸಿಗಬೇಕಾದವು, ತಕರಾರಿಲ್ಲ. ಆದರೆ ಇಷ್ಟೆಲ್ಲ ದೃಢೀಕರಣಗಳ ಕಡತದಲ್ಲಿ 'ಇವನಿಗೆ ಏನು ಇಷ್ಟ?' ಎಂಬ ಕಾಲಂ ಮಾತ್ರ ಇಲ್ಲ. ಇದ್ದಿದ್ದರೂ ಗೆಜೆಟೆಡ್ ಅಧಿಕಾರಿಯ ಸಹಿ ತರಬೇಕಾಗುತ್ತಿತ್ತು.

ಕೃಷಿ ಕೋಟಾದ ಕಥೆ ಇನ್ನೂ ಸೊಗಸು. ರೈತರ ಮಕ್ಕಳು ಕೃಷಿ ಪದವಿಗೆ ಆ ಕೋಟಾದಲ್ಲಿ ಸೇರಬೇಕಾದರೆ ಪ್ರಾಯೋಗಿಕ ಪರೀಕ್ಷೆ ಬರೆಯಬೇಕು: ಬೀಜ ಗುರುತಿಸು, ಸಲಕರಣೆ ಹೆಸರು ಹೇಳು. 'ನಮ್ಮ ಗತಿ ನಿನಗೆ ಬೇಡ' ಎಂದು ತೋಟದ ಬೇಲಿಯೊಳಗೆ ಕಾಲಿಡಲು ಬಿಡದೆ ಹನ್ನೆರಡು ವರ್ಷ ಓದಿಸಿದ ಅಪ್ಪ, ಈಗ ಮಗ ರೈತನ ಮಗನೆಂದು ಸಾಬೀತು ಮಾಡಲು ಅವನನ್ನು ಯೂಟ್ಯೂಬ್ ಮುಂದೆ ಕೂರಿಸಿ ನವಣೆ ಯಾವುದು, ರಾಗಿ ಯಾವುದು ಎಂದು ಕಲಿಸುತ್ತಾರೆ. ಉಂಡೆ ಕೊಬ್ಬರಿಗೆ 2024ರ ಹಂಗಾಮಿನಲ್ಲಿ ಕೇಂದ್ರ ಸರ್ಕಾರ ಕ್ವಿಂಟಾಲಿಗೆ 12,000 ರೂಪಾಯಿ ಬೆಂಬಲ ಬೆಲೆ ಕಟ್ಟಿತು. ಹುಡುಗನ ಒಲವಿಗೆ ಬೆಂಬಲ ಬೆಲೆ ಇನ್ನೂ ಘೋಷಣೆಯಾಗಿಲ್ಲ.

ದುಡ್ಡಿದ್ದವರು ಬೆಂಗಳೂರಿಗೆ ಕರೆದೊಯ್ದು ಹತ್ತೂ ಬೆರಳಿನ ಗುರುತು ಕೊಡಿಸುತ್ತಾರೆ. ಬೆರಳಚ್ಚು ನೋಡಿ ಮಗುವಿನ ಬುದ್ಧಿಯ ಬಗೆ ಹೇಳುತ್ತಾರಂತೆ. ವೈಜ್ಞಾನಿಕ ಆಧಾರ ಎಳ್ಳಷ್ಟೂ ಇಲ್ಲ, ವರದಿ ಮಾತ್ರ ಬಣ್ಣಬಣ್ಣದ್ದು. ಹಿಂದೆ ಇದನ್ನೇ ಗಿಳಿ ಶಾಸ್ತ್ರದವನು ಕಡಿಮೆಗೆ ಹೇಳುತ್ತಿದ್ದ, ಗಿಳಿಯೂ ನೋಡಲು ಸಿಗುತ್ತಿತ್ತು. ವರದಿ ಏನೇ ಹೇಳಲಿ, ಸಮಿತಿಯ ತೀರ್ಮಾನ ಕಂಪ್ಯೂಟರ್ ಸೈನ್ಸೇ. ಅದು ಸಿಗದಿದ್ದರೆ ಎಐ ಸೇರಿಸಿದ ಕಂಪ್ಯೂಟರ್ ಸೈನ್ಸ್, ಅದೂ ಸಿಗದಿದ್ದರೆ ಡೇಟಾ, ಆಮೇಲೆ ಸೈಬರ್. 2024-25ರಿಂದ ಎಐಸಿಟಿಇ ಒಂದು ಶಾಖೆಗೆ ಇಷ್ಟೇ ಸೀಟು ಎಂಬ ಮಿತಿಯನ್ನು ತೆಗೆದ ಮೇಲಂತೂ ಕಾಲೇಜುಗಳಿಗೆ ಸುಗ್ಗಿ. 1117ರಲ್ಲಿ ಪ್ರತಿಷ್ಠೆಯಾದ ಗುಡಿ ಇವತ್ತಿಗೂ ನೆಟ್ಟಗೆ ನಿಂತಿರುವ ಬೇಲೂರಿನಲ್ಲಿ 'ಸಿವಿಲ್ ತಗೊಂಡೆ' ಎಂದರೆ ಮುಖ ಬಾಡುತ್ತದೆ.

ತನಗೇನು ಬೇಕೆಂದು ಖಚಿತವಾಗಿ ಗೊತ್ತಿದ್ದವರು ಇಲ್ಲವೇ ಇಲ್ಲ ಎಂದಲ್ಲ. 2024ರ ಕೊನೆಯಲ್ಲಿ ಪೊಲೀಸ್ ಠಾಣೆ ಮೆಟ್ಟಿಲೇರಿದ ಸೀಟ್ ಬ್ಲಾಕಿಂಗ್ ಪ್ರಕರಣ ನೆನಪಿಸಿಕೊಳ್ಳಿ. ಸೇರುವುದಿಲ್ಲವೆಂದು ಮೊದಲೇ ಗೊತ್ತಿದ್ದ ಸೀಟನ್ನು ಆರಿಸಿ ಹಿಡಿದಿಡುವುದು ಆ ದಂಧೆ. ಇಡೀ ಕೌನ್ಸೆಲಿಂಗ್‌ನಲ್ಲಿ ಗೊಂದಲವೇ ಇಲ್ಲದ ಮನಸ್ಸುಗಳು ಅವು.

ಬೇಲೂರಿನ ಶಿಲ್ಪಿಗಳಿಗೆ ಗೊಂದಲ ಇರಲಿಲ್ಲ ನೋಡಿ ಎಂದು ಭಾಷಣಕಾರರು ಹೇಳುವುದುಂಟು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ವಿಗ್ರಹಗಳ ಕೆಳಗೆ ಹೆಸರು ಕೊರೆದುಕೊಂಡರು. ಎದುರಾಳಿ ಶಿಲ್ಪಿಗಳು ಬೆಚ್ಚುವಂಥ ಬಿರುದು ಹಾಕಿಕೊಂಡವರೂ ಇದ್ದರು. ರೆಸ್ಯೂಮೆ ಎಂದರೆ ಅದು. ಆದರೆ ದಾಸೋಜನ ಮಗ ಉಳಿ ಹಿಡಿದದ್ದು ಒಳದನಿ ಕೇಳಿಯೋ, ಬೇರೇನೂ ಹಿಡಿಯಲು ಬಿಡದ್ದಕ್ಕೋ? ಆಗ ಹುಟ್ಟು ಆರಿಸುತ್ತಿತ್ತು, ಈಗ ಕಟ್ ಆಫ್ ಆರಿಸುತ್ತದೆ. ಇವತ್ತು ಇದೇ ಊರಿನ ಹುಡುಗನೊಬ್ಬ ಶಿಲ್ಪ ಕಲಿಯುತ್ತೇನೆಂದು ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಕಾಲೇಜಿನ ಅರ್ಜಿ ತಂದರೆ ಮೊದಲು ಅವನ ದೃಷ್ಟಿ ತೆಗೆಯುತ್ತಾರೆ.

ಕಪ್ಪೆ ಚೆನ್ನಿಗರಾಯನ ಐತಿಹ್ಯ ಇಲ್ಲಿ ಎಲ್ಲರ ಬಾಯಲ್ಲಿದೆ. ಜಕಣಾಚಾರಿ ಕಡೆದ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎಂದ, ಊರಿಗೆ ಹೊಸಬನಾದ ಹುಡುಗ ಡಂಕಣ. ದೋಷವಿದ್ದರೆ ಬಲಗೈ ಕತ್ತರಿಸಿಕೊಳ್ಳುತ್ತೇನೆಂದ ದೊಡ್ಡವ. ಗಂಧ ಬಳಿದರು, ಹೊಕ್ಕುಳ ಬಳಿ ಮಾತ್ರ ಒಣಗಲಿಲ್ಲ. ಕೊರೆದರೆ ಒಳಗಿಂದ ಕಪ್ಪೆ! ಆ ಹುಡುಗ ತನ್ನ ಮಗನೇ ಎಂದು ಆಮೇಲೆ ತಿಳಿಯಿತಂತೆ. ಚರಿತ್ರೆ ಇದನ್ನು ಒಪ್ಪುವುದಿಲ್ಲ, ಗೈಡುಗಳು ಬಿಡುವುದಿಲ್ಲ. ಈಗ ಮಗ ಬಂದು 'ಅಪ್ಪಾ, ನೀನು ಆರಿಸಿದ ಕಾಲೇಜಿನೊಳಗೆ ಕಪ್ಪೆ ಇದೆ' ಎಂದರೆ ಯಾರ ಕೈಗೂ ಅಪಾಯವಿಲ್ಲ. 'ಕಪ್ಪೆ ಇದ್ರೆ ಇರ್ಲಿ ಬಿಡ್ಲಾ, ಪ್ಲೇಸ್‌ಮೆಂಟ್ ಹೆಂಗದೆ?'

ಇನ್ನು ಹಳೇಬೀಡಿನ ಒಬ್ಬ ಹುಡುಗಿಯ ವಿಚಾರ. ಎಲ್ಲ ಊರಿನಲ್ಲೂ ಇಂಥ ಒಬ್ಬಳಿರುತ್ತಾಳೆ. ಹೊಯ್ಸಳೇಶ್ವರನ ಗೋಡೆಯ ಆನೆಸಾಲು, ಸಿಂಹಸಾಲು ನೋಡುತ್ತ ಬೆಳೆದವಳು. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಈ ಗುಡಿಗಳು ಸೇರಿದಾಗ ಊರವರು ಹೋಮ್‌ಸ್ಟೇ ಲೆಕ್ಕ ಹಾಕುತ್ತಿದ್ದರೆ ಇವಳು ಶಾಸನದ ಅಕ್ಷರ ಕೂಡಿಸುತ್ತಿದ್ದಳು. ಪಿಯುಸಿಯಲ್ಲಿ ಒಳ್ಳೆಯ ಅಂಕ ಬಂತು. ಬೇಲೂರಿನ ಸರ್ಕಾರಿ ಕಾಲೇಜಿನಲ್ಲಿ ಇತಿಹಾಸ ತಗೊಂಡು ಬಿಎ ಮಾಡುತ್ತೇನೆ ಎಂದಳು, ಯಾರ ಬೆರಳಚ್ಚನ್ನೂ ಕೇಳದೆ.

ಮನೆಗೆ ಜನ ಬಂದು ಹೋಗತೊಡಗಿದರು. 'ಬಿಎನಾ? ಯಾಕೆ, ಮಾರ್ಕ್ಸ್ ಬರಲಿಲ್ವಾ?' 'ಬಂದಿದೆ.' 'ಮತ್ತೆ ಸೀಟು ಸಿಗಲಿಲ್ವಾ?' 'ಹಾಕಲೇ ಇಲ್ಲ.' 'ಹುಷಾರಿದ್ದಾಳಾ?' ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಹುಡುಗಿಗೆ ಇತಿಹಾಸ ಇಷ್ಟ, ಅದಕ್ಕೇ ಓದುತ್ತಾಳೆ ಎಂಬ ವಿವರಣೆಯನ್ನು ಯಾರೂ ನಂಬಲಿಲ್ಲ. ಕೊನೆಗೆ ಸೋದರಮಾವನೇ ಮನೆತನದ ಮಾನ ಉಳಿಸಿದ: 'ಸುಮ್ನಿರಿ, ಅವಳು ಕೆಎಎಸ್‌ಗೆ ತಯಾರಿ ಮಾಡ್ತಾವ್ಳೆ!' ಎಲ್ಲರ ಮುಖ ಅರಳಿತು, ಕಾಫಿ ಬಂತು. ಈಗ ಅವಳು ಬಸ್ ಸ್ಟಾಂಡಿನಲ್ಲಿ ಕಂಡರೆ ಜನ ಎದ್ದು ಜಾಗ ಬಿಡುತ್ತಾರೆ, ಪೋಡಿ ದುರಸ್ತಿಯ ಅರ್ಜಿ ಯಾರಿಗೆ ಕೊಡಬೇಕೆಂದು ವಿಚಾರಿಸುತ್ತಾರೆ.